ಸಂಪಿನ ಮೇಲಿನ ಬೋರ್ಡು

ಹಾಸನ
9-2-2025, ಭಾನುವಾರ, ಬೆಳಗಿನ ಜಾವ

ಪ್ರೀತಿಯ ರಂಜು,

ಈಗ ಎರಡೂ ಮುಕ್ಕಾಲು. ಅಂಗಳದಲ್ಲಿ ‘ಡಬ್’ ಎಂದು ತಗಡಿನ ಸದ್ದಾಗಿ ಎಚ್ಚರವಾಯಿತು. ಕಳ್ಳನಲ್ಲ, ಬೆಕ್ಕೂ ಅಲ್ಲ. ಅರಕಲಗೂಡಿನಿಂದ ಬಂದಿರುವ ನಮ್ಮತ್ತೆಯ ಅಕ್ಕ ಹೊನ್ನಕ್ಕ ಬಚ್ಚಲಿಗೆ ಹೋಗುವಾಗ ನೀರಿನ ಸಂಪಿನ ಮುಚ್ಚಳ ತುಳಿದಿದ್ದಾರೆ. “ಯಾವನ್ ಆಕುದ್ನೋ ಈ ಮುಚ್ಳಾನ, ಎದೆ ಡವಗುಟ್ತದೆ” ಎಂದು ಗೊಣಗಿಕೊಂಡು ಹೋದರು. ಆ ಮುಚ್ಚಳದ ಕಥೆ ಆಮೇಲೆ ಹೇಳುತ್ತೇನೆ. ನನಗಂತೂ ಮತ್ತೆ ನಿದ್ದೆ ಹತ್ತಲಿಲ್ಲ.

ಮೊದಲು ಕ್ಷಮಿಸು. ಪಾಪುವಿನ ನಾಮಕರಣಕ್ಕೆ ನೀನು ಬಂದುಹೋದ ಮೇಲೆ ಹಬ್ಬಕ್ಕೊಂದು ಹೂವಿನ ಚಿತ್ರ ಕಳಿಸಿದ್ದು ಬಿಟ್ಟರೆ ನಿನ್ನ ಹತ್ತಿರ ಬಾಯ್ತುಂಬ ಮಾತಾಡಿಲ್ಲ. ನಿನಗೆ ಆಸ್ಪತ್ರೆಯ ನೈಟ್ ಡ್ಯೂಟಿ, ನನಗೆ ಮನೆಯಲ್ಲೇ ನೈಟ್ ಡ್ಯೂಟಿ. ವಾರ್ಡಿನಲ್ಲಿ ನೀನು ಫೋನ್ ಎತ್ತುವುದಿಲ್ಲ, ಟೀ ಕುಡಿಯುವಾಗ ಮಾತ್ರ ನೋಡುತ್ತೀಯ ಎಂದು ಗೊತ್ತು. ಅದಕ್ಕೇ ಅಡುಗೆಮನೆಯ ಕಟ್ಟೆ ಮೇಲೆ ಕೂತು ಬರೆಯುತ್ತಿದ್ದೇನೆ. ಫೋಟೋ ತೆಗೆದು ಕಳಿಸುತ್ತೇನೆ. ಹಾಸ್ಟೆಲಿನಲ್ಲಿ ಜಗಳವಾದಾಗ ಚೀಟಿ ಬರೆದು ದಿಂಬಿನ ಕೆಳಗೆ ಇಡುತ್ತಿದ್ದೆವಲ್ಲ, ಇದೂ ಹಾಗೇ ಅಂದುಕೋ.

ನಿನಗೆ ಗೊತ್ತಿಲ್ಲದ ಸುದ್ದಿ: ನಾನು ಗಾರ್ಮೆಂಟ್ಸ್ ಕೆಲಸ ಬಿಟ್ಟೆ. ಬಿಟ್ಟದ್ದು ದಸರಾ ಮುಗಿದ ಮೇಲೆ. ಅಲ್ಲಿ ನನ್ನ ಕೆಲಸ ಏನಿತ್ತು ಹೇಳು? ಬಿಟ್ಟುಹೋಗುತ್ತೇನೆ ಎಂದು ಬರುವ ಹುಡುಗಿಯರನ್ನು ಎದುರಿಗೆ ಕೂರಿಸಿಕೊಂಡು, ಬಿಡದ ಹಾಗೆ ಮಾತಾಡುವುದು. ಅವರ ಕಷ್ಟ ಕೇಳಿ ಕೇಳಿ ನನಗೆ ಒಂದು ತಿಳಿಯಿತು. ಅವರ ಕೈಯಲ್ಲಿ ಕೆಲಸ ಇರುತ್ತದೆ, ತಲೆಯಲ್ಲಿ ಬುದ್ಧಿಯೂ ಇರುತ್ತದೆ. ಆದರೆ ತಮಗೇನು ಬೇಕು ಎಂದು ಮನೆಯಲ್ಲಾಗಲಿ ಸೂಪರ್‌ವೈಸರ್ ಹತ್ತಿರವಾಗಲಿ ಬಾಯಿಬಿಟ್ಟು ಕೇಳಲು ಬರುವುದಿಲ್ಲ. ಅದನ್ನು ಒಬ್ಬೊಬ್ಬರಿಗೇ ಕೂತು ಕಲಿಸಬಹುದು ಅನ್ನಿಸಿತು. ಭಾನುವಾರಗಳಲ್ಲಿ ಆನ್‌ಲೈನ್ ತರಬೇತಿ ಮುಗಿಸಿದೆ. “ಶುರು ಮಾಡು, ನಾನಿದ್ದೀನಿ” ಅಂದರು ನಮ್ಮ ಯಜಮಾನರು ರಜನೀಶ್. ಮುಂದಿನ ರೂಮಿನಲ್ಲಿ ಎರಡು ಕುರ್ಚಿ ಹಾಕಿದೆವು. ದೀಪಾವಳಿಗೆ ಗೇಟಿಗೆ ಹಳದಿ ತಗಡಿನ ಬೋರ್ಡು ಬಂತು: ‘ನಿಸರ್ಗ ಪರ್ಸನಲ್ ಕೋಚಿಂಗ್, ಮಹಿಳೆಯರಿಗಾಗಿ’. ಬಣ್ಣ ಆರಿಸಿದ್ದೂ ಅವರೇ, ಸ್ಟೂಲ್ ಹತ್ತಿ ಮೊಳೆ ಹೊಡೆದದ್ದೂ ಅವರೇ. ನಿನಗೆ ಯಾಕೆ ಹೇಳಲಿಲ್ಲ ಅಂದರೆ, ಅದು ನಾಲ್ಕು ಜನ ನೋಡುವ ಹಾಗೆ ನಿಂತ ಮೇಲೆ ನಿನ್ನನ್ನು ಕರೆದು ತೋರಿಸಬೇಕು ಅನ್ನುವ ಹುಚ್ಚು.

ನಿಲ್ಲಬೇಕಲ್ಲ ಕಣೇ!

ಮೊದಲು ಬಂದವರು ಹೊಳೆನರಸೀಪುರದ ಕನಕಲಕ್ಷ್ಮಿ, ಖಾಸಗಿ ಶಾಲೆಯ ಟೀಚರ್. ಆರು ವರ್ಷದಿಂದ ಒಂದೇ ಸಂಬಳ. ಹೆಚ್ಚಿಸಿ ಎಂದು ಹೆಡ್‌ಮಾಸ್ಟರನ್ನು ಕೇಳಲು ಧೈರ್ಯವಿಲ್ಲ. ಜೊತೆಗೆ ಅವರ ಅತ್ತೆಯೂ ಬಂದು ಮೂರನೇ ಕುರ್ಚಿ ಹಾಕಿಸಿಕೊಂಡು ಕೂತರು. ಇರಲಿ ಎಂದು ನಾನೇ ಹೆಡ್‌ಮಾಸ್ಟರಾದೆ, ಆಕೆಯಿಂದ ಕೇಳಿಸಿದೆ, ತಿದ್ದಿದೆ, ಮತ್ತೆ ಕೇಳಿಸಿದೆ. ಕೊನೆಗೆ ಆಕೆ ತಲೆಯೆತ್ತಿ ನೋಡಿ ಪೂರಾ ವಾಕ್ಯ ಹೇಳಿ ಮುಗಿಸಿದಾಗ ನನ್ನ ಕಣ್ಣಲ್ಲೇ ನೀರು. ಅಷ್ಟರಲ್ಲಿ ನಮ್ಮತ್ತೆ ಕಾಫಿ ತಂದರು. ಕುಂಕುಮ ತಂದರು. ತಟ್ಟೆಯಲ್ಲಿ ತೆಂಗಿನಕಾಯಿ, ಬ್ಲೌಸ್ ಪೀಸು! ಮಡಿಲಿಗೆ ಬಿದ್ದ ಮೇಲೆ ಫೀಸು ಕೇಳುವುದು ಹೇಗೆ? ಕನಕಲಕ್ಷ್ಮಿಯ ಕೈ ಪರ್ಸಿನ ಮೇಲೇ ಇತ್ತು, ಅವರತ್ತೆ ಅದನ್ನು ಮೆಲ್ಲಗೆ ಸರಿಸಿ, “ಎಷ್ಟು ಚೆನ್ನಾಗಿ ಮಾತಾಡಿಸ್ತೀಯಮ್ಮಾ. ನೀವೆಲ್ಲಾ ಒಂದ್ಸಲ ನಮ್ಮನೆ ಕಡೆ ಬನ್ನಿ” ಎಂದು ಎದ್ದರು. ಸಂಬಳ ಕೇಳುವುದನ್ನು ಕಲಿತವಳು ಬಸ್ ಹತ್ತಿದಳು. ಕಲಿಸಿದವಳು ಬಾಗಿಲಲ್ಲಿ ನಿಂತು ಕೈ ಬೀಸಿದಳು.

ಅತ್ತೆಗೆ ಹೇಳಿದರೆ ನನ್ನನ್ನೇ ಕೇಳುತ್ತಾರೆ: “ಮುತ್ತೈದೇರು ಮನೀಗ್ ಬಂದ್ರೆ ಬರೀ ಅಣೇಲಿ ಕಳಿಸಕ್ಕಾಯ್ತದಾ? ಕುಂಕ್ಮ ಕೊಟ್ ಕೈಲೇ ಕಾಸ್ ಈಸ್ಕಳದಾ? ನೀನೇ ಯೋಳು.” ಅವರು ಕೆಟ್ಟವರಲ್ಲ ರಂಜು. ಅದೇ ಕಷ್ಟ.

ನಾನು ಫ್ಯಾಕ್ಟರಿಗೆ ಹೋಗುವಾಗ ಪಾಪುವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡರು. ಐಡಿ ಕಾರ್ಡು ಕೊರಳಿಗೆ ಬಿದ್ದ ಕೂಡಲೇ ಮಗುವನ್ನು ಎತ್ತಿಕೊಳ್ಳುತ್ತಿದ್ದರು. ಈಗ ನಾನು ಫೋನಿನಲ್ಲಿ ಒಬ್ಬಳ ಕಷ್ಟ ಕೇಳುತ್ತಿರುವಾಗ ಬಾಗಿಲು ತಳ್ಳಿ ಮಗುವನ್ನು ತೊಡೆಯ ಮೇಲೆ ಇಟ್ಟು ಹೋಗುತ್ತಾರೆ. “ಮನೇಲೇ ಇದ್ದೀಯಲ್ಲವ್ವ, ಮಾತ್ತಾನೆ ಆಡ್ತಿರದು?” ಆ ಕಡೆಯ ಹೆಂಗಸು ಅಳುತ್ತಿರುತ್ತಾಳೆ, ಈ ಕಡೆ ಇವನು. ಹಗಲೆಲ್ಲ ಅರ್ಧರ್ಧ ಮಾಡಿದ ಕೆಲಸ ರಾತ್ರಿ ತಲೆಯಲ್ಲಿ ಸುತ್ತುತ್ತದೆ. ನಿದ್ದೆಯೆಂಬುದು ನನ್ನ ಕಣ್ಣಿಗೆ ದೂರದ ನೆಂಟನಾಗಿದೆ.

ಇನ್ನು ಧನ್ಯಾಳ ವಿಷಯ. ನಿನ್ನ ಚಿಕ್ಕಪ್ಪನ ಮಗಳು, ನಮ್ಮ ಮೈದುನ ಅಭಿಷೇಕನಿಗೆ ನೀನೇ ಹೇಳಿಸಿದ ಸಂಬಂಧ. ಸಂಕ್ರಾಂತಿ ಕಳೆದು ಚನ್ನರಾಯಪಟ್ಟಣಕ್ಕೆ ಹೆಣ್ಣು ನೋಡಲು ಹೋದೆವು. ನಿನಗೆ ಅವತ್ತು ರಜೆ ಸಿಗಲಿಲ್ಲ. ಧನ್ಯಾ ಎಲ್ಲರೆದುರಿಗೇ ಹೇಳಿದಳು: “ಮದುವೆ ಆದ್ಮೇಲೂ ನಾನು ಕಾಲೇಜಿನ ಕೆಲಸ ಬಿಡಲ್ಲ. ಅದೊಂದು ಒಪ್ಕೊಂಡ್ರೆ ಸಾಕು.” ಅವಳ ಬಾಯಿಂದ ಆ ವಾಕ್ಯ ಎಷ್ಟು ನೆಟ್ಟಗೆ ಬಂತು ಗೊತ್ತೇನೇ! ಅವಳಪ್ಪ ನಗುತ್ತಾ, “ನಿಮ್ ದೊಡ್ಡ ಸೊಸೆ ಏನ್ ಮಾಡ್ಕೊಂಡವ್ರೆ?” ಎಂದು ಕೇಳಿದರು. ಕಂಪನಿಯಲ್ಲಿದ್ದಾಳೆ, ಮಗು ಚಿಕ್ಕದೆಂದು ರಜೆ ಹಾಕಿದ್ದಾಳೆ ಎಂದು ನಮ್ಮ ಕಡೆಯಿಂದ ಉತ್ತರ ಹೋಯಿತು. ನಾನು ಬಾಗಿಲ ಪಕ್ಕ ಪಾಪುವನ್ನು ಹಿಡಿದು ನಿಂತಿದ್ದೆ.

ಆಮೇಲೆ ಧನ್ಯಾ ಪಾಪುವನ್ನು ಎತ್ತಿಕೊಂಡು ನನ್ನನ್ನೂ ರೂಮಿಗೆ ಕರೆದಳು. “ಅಕ್ಕಾ, ನೀವು ಆಫೀಸಿಗೆ ಹೋದ್ರೆ ಇವನನ್ನ ಯಾರು ನೋಡ್ಕೋತಿದ್ರು?” ಅಂದಳು. “ಅತ್ತೆ” ಅಂದೆ. ಸುಳ್ಳಲ್ಲ. ಅವಳ ಮುಖ ಅರಳಿತು. “ರಂಜಕ್ಕ ಅದಕ್ಕೇ ಹೇಳಿದ್ದು, ನಿಸರ್ಗ ಇರೋ ಮನೆ ಕಣೇ, ಧೈರ್ಯವಾಗಿ ಹೋಗು ಅಂತ.”

ಆ ಮಾತೇ ರಂಜು, ರಾತ್ರಿಯೆಲ್ಲ ನನ್ನನ್ನು ಎಬ್ಬಿಸಿ ಕೂರಿಸುವುದು.

ಮರುವಾರ ಧನ್ಯಾಳ ಕಡೆಯವರು ನಮ್ಮ ಮನೆ ನೋಡಲು ಬರುತ್ತಾರೆಂದು ಬೋರ್ಡು ಇಳಿಯಿತು. ಸಂಪಿನ ಹಳೆ ಮುಚ್ಚಳ ತುಕ್ಕು ಹಿಡಿದಿತ್ತು, ಬೋರ್ಡಿನ ಅಳತೆ ಅದಕ್ಕೆ ಸರಿಹೋಯಿತು. ಅಕ್ಷರ ನೀರಿನ ಕಡೆಗೆ, ಬೆನ್ನು ಮೇಲಕ್ಕೆ. ಅವತ್ತಿನಿಂದ ನೀರು ತುಂಬುವವರು, ಬಟ್ಟೆ ಒಗೆಯುವವರು, ಹೊನ್ನಕ್ಕ, ಎಲ್ಲರೂ ಅದರ ಮೇಲೇ ಓಡಾಡುತ್ತಾರೆ. ಡಬ್, ಡಬ್.

ಮೊನ್ನೆ ಶುಕ್ರವಾರ ಫ್ಯಾಕ್ಟರಿಯಿಂದ ಫೋನ್ ಬಂತು. ನನ್ನ ಜಾಗ ಇನ್ನೂ ಖಾಲಿಯಿದೆಯಂತೆ, ಸೋಮವಾರದಿಂದ ಬರಬಹುದಂತೆ. ಅತ್ತೆ ದೇವರಿಗೆ ತುಪ್ಪದ ದೀಪ ಹಚ್ಚಿದರು. “ಇನ್ಯಾವ್ ಸುಳ್ಳೂ ಇಲ್ಲ ಕಣವ್ವ, ಎಲ್ಲಾ ದಿಟ ಆಗೋಯ್ತು” ಅಂದರು. ಸಂಜೆಗೆ ನಿಶ್ಚಿತಾರ್ಥದ ನೆಂಟರೆಲ್ಲ ಬಂದರು. ಹೊನ್ನಕ್ಕ ನನ್ನ ಗಲ್ಲ ಹಿಡಿದು, “ರಜ ಮುಗೀತಂತಲ್ಲ ಮಗ, ಓಗ್ಬಾ ಓಗ್ಬಾ, ಕುಂತುಂಡ್ರೆ ಕುಡಿಕೆ ಒನ್ನೂ ಸಾಲ್ದು” ಎಂದು ನಕ್ಕರು.

ಅಭಿಷೇಕ ಒಳ್ಳೆಯ ಹುಡುಗ. ಈ ಸಂಬಂಧ ಮುರಿಯಲಿ ಎಂದು ನಾನು ಬರೆಯುತ್ತಿಲ್ಲ, ನನ್ನ ಪಾಪುವಿನ ಆಣೆ. ಧನ್ಯಾ ಕೇಳಿದ್ದು ಒಂದೇ ಮಾತು. ಈ ಮನೆಯಲ್ಲಿ ಹೊರಗೆ ಹೋಗುವ ಸೊಸೆಗೆ ಎಲ್ಲ ಅನುಕೂಲವೂ ಇದೆ. ಆ ಸೊಸೆ ಒಂದು ದಿನ ತನ್ನದೇ ಏನಾದರೂ ಮಾಡುತ್ತೇನೆ ಎಂದರೆ ಏನಾಗುತ್ತದೆ ಎಂಬುದನ್ನೂ ಅವಳು ತಿಳಿದುಕೊಂಡು ಒಪ್ಪಲಿ. ಬೆಳಿಗ್ಗೆ ಆರಕ್ಕೆ ನಾವೆಲ್ಲ ನಿಶ್ಚಿತಾರ್ಥಕ್ಕೆಂದು ಚನ್ನರಾಯಪಟ್ಟಣಕ್ಕೆ ಹೊರಡುತ್ತೇವೆ. ಅಲ್ಲಿ ವೀಳ್ಯ ಬದಲಾದ ಮೇಲೆ ನಾನು ಬಾಯಿಬಿಟ್ಟರೆ ಅದು ಮನೆ ಮುರಿಯುವ ಮಾತು. ಅದಕ್ಕೆ ಮುಂಚೆ ಹೇಳಿದರೆ ಬರೀ ಮಾತು. ನನ್ನ ಹತ್ತಿರ ಇರುವುದು ಅವಳಪ್ಪನ ನಂಬರು ಮಾತ್ರ. ಅವಳದು ಕೊಡು, ನಾನೇ ಹೇಳುತ್ತೇನೆ.

ಅಮ್ಮನಿಗೆ ನನ್ನ ನಮಸ್ಕಾರ ಹೇಳು. ನಿನ್ನ ಮಗಳು ಇನ್ನೂ ಬೆರಳು ಚೀಪುತ್ತಾಳಾ? ಅವಳಿಗೆ ನೂರು ಮುತ್ತು. ತಣ್ಣಗಿರಲಿ, ಅವಳ ಅಮ್ಮನ ಹಾಗೆ ಗಟ್ಟಿಯಾಗಿ ಬೆಳೆಯಲಿ.

ನಿನ್ನ,
ನಿಸರ್ಗ

ಮರೆತದ್ದು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಮೇಲೆ ‘ನಮ್ಮ ಕಡೆಯಿಂದ’ ಎಂದು ಬರೆದೆನಲ್ಲ, ನೀನು ಅತ್ತೆ ಎಂದುಕೊಂಡಿರುತ್ತೀಯ. ಅತ್ತೆ ಆಗ ಒಳಗೆ ಹೆಂಗಸರ ಜೊತೆ ಇದ್ದರು. ಹೇಳಿದ್ದು ರಜನೀಶ್. ನಾನು ಅಷ್ಟು ಹತ್ತಿರ ನಿಂತಿದ್ದೆ, ನನ್ನನ್ನು ನೋಡಲೂ ಇಲ್ಲ. ಬೋರ್ಡಿನ ಮೊಳೆ ಕಿತ್ತದ್ದೂ ಅವರೇ, ಅದೇ ಸ್ಟೂಲ್ ಹತ್ತಿ. ಫ್ಯಾಕ್ಟರಿಯ ಮ್ಯಾನೇಜರನ್ನು ಕಂಡು ನನ್ನ ಕೆಲಸ ಮತ್ತೆ ಕೇಳಿಕೊಂಡು ಬಂದದ್ದೂ ಅವರೇ. ರಾತ್ರಿ ಕೇಳಿದೆ, ನನಗೆ ಒಂದು ಮಾತು ಹೇಳಬಾರದಿತ್ತಾ ಎಂದು. “ನಿನ್ನನ್ನ ಯಾರೂ ಸುಳ್ಳುಗಾತಿ ಅನ್ಬಾರ್ದು ಅಂತಾನೇ ಮಾಡಿದ್ದು ನಿಸ್ಸು. ನೀನು ಟೆನ್ಷನ್ ಮಾಡ್ಕೋಬೇಡ” ಎಂದು ನನ್ನ ತಲೆ ಸವರಿ, ಆ ಕಡೆ ತಿರುಗಿ ನಿದ್ದೆ ಹೋದರು. ಎಷ್ಟು ನೆಮ್ಮದಿಯ ನಿದ್ದೆ ಅಂತೀಯ. ಅವರ ಮೇಲೆ ಕೂಗಾಡಲೂ ನನಗೆ ಜಾಗ ಬಿಟ್ಟಿಲ್ಲ ರಂಜು.

ಊರಿನ ಹೆಂಗಸರಿಗೆಲ್ಲ ಬಾಯಿಬಿಡುವುದನ್ನು ಕಲಿಸಲು ಕೂತವಳು ನಾನು. ಈ ಕಾಗದದಲ್ಲಿ ಬರೆದದ್ದನ್ನು ಇನ್ನೂ ಒಂದು ಸಲವೂ ಬಾಯಲ್ಲಿ ಹೇಳಿಲ್ಲ. ಮೊದಲು ನಿನ್ನ ಕಿವಿಯಲ್ಲಿ ಹೇಳಿ ನೋಡಬೇಕು. ನಡುಮನೆಯಲ್ಲಿ ನೆಂಟರು ಮಲಗಿದ್ದಾರೆ. ಫೋನ್ ಹಿಡಿದು ಮಹಡಿಯ ಟ್ಯಾಂಕಿನ ಪಕ್ಕ ಕೂತಿರುತ್ತೇನೆ. ಡ್ಯೂಟಿ ಮುಗಿಯಲಿ ಎಂದು ಕಾಯಬೇಡ. ಬೈಯುವುದಿದ್ದರೂ ಬೈಯಿ, ಆದರೆ ಬೆಳಗಾಗುವುದರೊಳಗೆ ಫೋನ್ ಮಾಡೇ. ನಿನ್ನ ಕಾಲಿಗೆ ಬೀಳುತ್ತೇನೆ, ಫೋನ್ ಮಾಡು.