ಬೀಸಣಿಗೆಯ ಮೇಲಿನ ಮುಖ

ಟಾಲಿವರ್, ಮಿಸಿಸಿಪ್ಪಿ
ಜೂನ್ ೧೨, ಗುರುವಾರ ಬೆಳಗ್ಗೆ

ನನ್ನ ಮುದ್ದು ಜೋನೆಲ್,

"ನದಿ ತನ್ನ ಹೆಸರನ್ನು ಯಾರಿಗೂ ಹೇಳುವುದಿಲ್ಲ." ನಿನ್ನ ಅಜ್ಜಿ ಇಸ್ತ್ರಿ ಹಾಕುತ್ತ ಗುನುಗುತ್ತಿದ್ದ ಸಾಲು. ಮುಂದಿನದು ಮರೆತುಹೋಗಿದೆ. ಇವತ್ತು ಯಾಕೋ ಅನುಮಾನ: ಹೇಳದಿದ್ದರೆ ನಮಗೆ ಹೇಗೆ ಗೊತ್ತಾಯಿತು? ಯಾವತ್ತೋ ಯಾರ ಕಿವಿಯಲ್ಲೋ ಹೇಳಿಯೇ ಇರಬೇಕು. ನಾನೂ ನಿನಗೊಂದು ಮಾತು ಹೇಳಬೇಕು.

ಜುಲೈ ಒಂದರಂದು ನೀನು ಪ್ರಮಾಣ ಮಾಡುವಾಗ ಬೈಬಲ್ ನಾನೇ ಹಿಡಿಯಬೇಕೆಂದು ಬರೆದಿದ್ದೀಯ. ಈ ಊರಿನ ಮೊದಲ ಕಪ್ಪು ಮೇಯರ್! ಗೆದ್ದ ಸಂಜೆ ವೇದಿಕೆಯ ಮೇಲೆ ನೀನು, "ನನಗೆ ಬಿದ್ದ ಮೊದಲ ಮತ ಅಮ್ಮನದು" ಎಂದೆ. ನಾನು ಚಪ್ಪಾಳೆ ತಟ್ಟಿದೆ.

ಚುನಾವಣೆಯ ಹಿಂದಿನ ಭಾನುವಾರ ಚರ್ಚಿನಲ್ಲಿ ನಿನ್ನ ಚಿತ್ರದ ಬೀಸಣಿಗೆ ಹಂಚಿದರಲ್ಲ. ಆ ಸೆಖೆಯಲ್ಲಿ ಇನ್ನೂರು ಕೈಗಳಲ್ಲಿ ಇನ್ನೂರು ಜೋನೆಲ್‌ಗಳು ಮೆಲ್ಲಗೆ ತೂಗುತ್ತಿದ್ದರು. ನೀರಿನೊಳಗಿಂದ ನೋಡಿದ ಹಾಗಿತ್ತು. ಪಕ್ಕದಲ್ಲಿದ್ದ ಓಜೆಲ್ಲಾ, "ಏನೇ ಮೇಯರಮ್ಮನ ತಾಯಿ, ಇನ್ನು ನಮ್ ಬೀದಿ ಚರಂಡಿ ಕಟ್ಕೊಂಡ್ರೆ ಸೀದಾ ನಿನ್ ಮನೆಗೇ ಬರ್ತೀನಿ, ಬಕೆಟ್ ಸಮೇತ!" ಎಂದಳು. ನಗುತ್ತ ಬೀಸಣಿಗೆ ತಿರುಗಿಸಿದೆ. ಹಿಂಬದಿಯಲ್ಲಿ, ಎಂದಿನಂತೆ, ಅಚ್ಚು ಹಾಕಿಸಿಕೊಟ್ಟ ಶವಸಂಸ್ಕಾರದ ಅಂಗಡಿಯವರ ಹೆಸರು, ಫೋನ್ ನಂಬರು. ನನ್ನ ಬಾಲ್ಯದಲ್ಲಿ ಅವರ ಬೀಸಣಿಗೆಗಳ ಮೇಲೆ ಗುಂಡಿಗೆ ಬಲಿಯಾದ ನಾಯಕರ ಮುಖಗಳಿರುತ್ತಿದ್ದವು. ಬದುಕಿದ್ದವರ ಮುಖ ಕಂಡ ನೆನಪಿಲ್ಲ.

ಚುನಾವಣೆಯ ಮಂಗಳವಾರ ಮತಪತ್ರದ ಮುಂದೆ ಪೆನ್ನು ಹಿಡಿದು ನಿಂತೆ. ನಿನ್ನ ಹೆಸರಿನ ಪಕ್ಕದ ಪುಟ್ಟ ಖಾಲಿ ವೃತ್ತವನ್ನು ತುಂಬಲು ಕೈ ಬರಲಿಲ್ಲ. ಎದುರಾಳಿಗೂ ಹಾಕಲಿಲ್ಲ. ಖಾಲಿ ಬಿಟ್ಟು ಬಂದೆ. ಸೋತಾದರೂ ಬದುಕಿರಲಿ ಅನ್ನಿಸಿತ್ತು, ಕಂದಾ. ನೀನು ಒಂಬತ್ತು ಮತಗಳಿಂದ ಗೆದ್ದೆ. ಆ ಒಂಬತ್ತರಲ್ಲಿ ನಾನಿಲ್ಲ.

ಇದನ್ನು ಓದಿದ ಮೇಲೂ ಬೈಬಲ್ ನನ್ನ ಕೈಗೇ ಕೊಡುವೆಯಾ? ಬೇಡವೆನ್ನಿಸಿದರೆ ಓಜೆಲ್ಲಾ ಹಿಡಿಯಲಿ. ನಾನು ಜನರ ನಡುವೆ ನಿಂತು ನೋಡುತ್ತೇನೆ.

ಹೇಗಿದ್ದರೂ ನಿನ್ನ ಅಮ್ಮ,
ಲವೆಟ್ಟಾ

ಮತ್ತೊಂದು ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಹಿತ್ತಿಲ ಬಾಗಿಲು ಬಡಿದ ಸದ್ದು. ಪಕ್ಕದ ಮನೆಯ ಬಿಳಿ ಮುದುಕಿ ಮಿಸೆಸ್ ಹಾಲಿಸ್. ನಿನ್ನ ಅಜ್ಜಿ ಇಪ್ಪತ್ತು ವರ್ಷ ಇಸ್ತ್ರಿ ಹಾಕಿದ್ದು ಅವರ ಮನೆಯಲ್ಲೇ. ಅವಳು ಹಿತ್ತಿಲ ಬಾಗಿಲಿನಿಂದಲೇ ಹೋಗಿ, ಅಲ್ಲಿಂದಲೇ ಬರಬೇಕಿತ್ತು. ನಾನಿಲ್ಲಿ ಮನೆ ಕೊಂಡು ಹದಿನೆಂಟು ವರ್ಷ, ಅವರು ಒಮ್ಮೆಯೂ ನಮ್ಮ ಮೆಟ್ಟಿಲು ಹತ್ತಿರಲಿಲ್ಲ. ಪೀಚ್ ಹಣ್ಣಿನ ಬಟ್ಟಲನ್ನು ನನ್ನ ಕೈಗಿಟ್ಟು, ಬೇಲಿಯತ್ತ ಒಮ್ಮೆ ತಿರುಗಿ ನೋಡಿ ಅಂದರು: "ನಿನ್ ಮಗಳಿಗೇ ವೋಟ್ ಹಾಕ್ದೆ ಕಣಮ್ಮ. ನಮ್ಮೆಜಮಾನ್ರಿಗೆ ಮಾತ್ರ ಹೇಳ್ಬೇಡ. ಮುಂದಿನ್ ಬಾಗ್ಲಿಗೆ ಬರೋಷ್ಟು ಧೈರ್ಯ ನಂಗಿನ್ನೂ ಬಂದಿಲ್ಲ."