ಹಳೇ ಫೋನು ಕೊಟ್ಟುಬಿಡಬೇಡ

ಪುಟ್ಟಿ,

ನೀನು ಏಳೋದರೊಳಗೆ ನಾನು ಹೊಲಿಗೆ ಅಂಗಡಿಗೆ ಹೋಗಿರ್ತೀನಿ. ಹತ್ತು ಗಂಟೆಗೆ ಎಕ್ಸ್‌ಚೇಂಜ್‌ನವನು ಬಂದರೆ ನನ್ನ ಹಳೇ ಫೋನು ಕೊಟ್ಟುಬಿಡಬೇಡ. ನಾಳೆ ಬಾ ಅನ್ನು. ಗೊಣಗಿದರೆ ಗೊಣಗಲಿ.

ಶಾಲೆ ಬ್ಯಾಂಡಿನ ಇಪ್ಪತ್ತಾರು ಮಕ್ಕಳ ಕೋಟಿನ ಅಳತೆ ಅದರಲ್ಲೇ ಇದೆ. ಅಳತೆ ಬರೆಯೋ ಆ ಆ್ಯಪು ಆಂಡ್ರಾಯ್ಡಿಗೆ ಮಾತ್ರ ಇರೋದಂತೆ, ನೀನು ಕೊಡಿಸಿದ ಐಫೋನಿಗೆ ಸಿಗಲ್ಲ. ಹಾಳಾಗಲಿ ಅಂತ ಇಷ್ಟು ಹೊತ್ತು ಕೂತು ಒಂದೊಂದರದ್ದೂ ಸ್ಕ್ರೀನ್‌ಶಾಟ್ ತೆಗೆದೆ. ಎಲ್ಲ ಮುಗಿದ ಮೇಲೆ ಹೊಳೀತು, ಇಪ್ಪತ್ತಾರೂ ಹಳೇ ಫೋನಿನಲ್ಲೇ ಕೂತಿವೆ! ನಗಬೇಡ. ನಿನ್ನ ಅಣ್ಣನಿಗಂತೂ ಹೇಳಲೇಬೇಡ. ಈಗಲೇ "ಅಮ್ಮ ಪಕ್ಷಾಂತರ ಮಾಡಿದಳು" ಅಂತ ಆಡಿಕೊಳ್ತಾನೆ. ಯಾವ ಫೋನು ಮೇಲು ಅಂತ ನೀವಿಬ್ಬರೂ ಊಟದ ಹೊತ್ತಲ್ಲಿ ಕಿತ್ತಾಡೋದು ಕೇಳಿ ಕೇಳಿ ಸಾಕಾಗಿದೆ.

ಚಿತ್ರಗಳನ್ನ ಆಮೇಲೆ ದಾಟಿಸು. ಮೊದಲು ಎಲ್ಲಾ ಅಳತೆ ನೀಲಿ ಪುಸ್ತಕದಲ್ಲಿ ಬರೆದು, ಹನ್ನೆರಡರೊಳಗೆ ಅಂಗಡಿಗೆ ತಂದುಕೊಡು. ಆಮೇಲೆ ಬಟ್ಟೆಗೆ ಕತ್ತರಿ ಹಾಕ್ತೀನಿ. ತೋಳಿನ ಅಳತೆ ಎರಡು ಸಲ ನೋಡು, ಬಿಗಿಯಾದರೆ ಮಕ್ಕಳಿಗೆ ತುತ್ತೂರಿ ಎತ್ತೋಕಾಗಲ್ಲ.

ಹೊಸ ಫೋನೂ ಹಳೇದರ ಪಕ್ಕ ಮೇಜಿನ ಮೇಲೇ ಇದೆ. ನೀನೇ ಹೊಂದಿಸಿದ್ದಕ್ಕೆ ಅದು ನಿನ್ನ ಮುಖ ಕಂಡರೆ ಮಾತ್ರ ತೆರೆಯುತ್ತೆ. ನಾನು ಕನ್ನಡಕ ಹಾಕಿ, ತೆಗೆದು, ಎಲ್ಲಾ ನೋಡಿದೆ.

ಮೊದಲ ಸಂಬಳದಲ್ಲಿ ಕೊಡಿಸಿದ್ದೀಯ, ಬೇಡ ಅಂತೀನಾ? ಪುಸ್ತಕ ತರುವಾಗ ಅದನ್ನೂ ತಾ. ಹತ್ತು ನಿಮಿಷ ಪಕ್ಕ ಕೂತು ನನ್ನ ಮುಖ ಅದಕ್ಕೆ ಪರಿಚಯ ಮಾಡಿಸು. ನಿನಗೊಂದು ಸ್ಟೂಲು ಖಾಲಿ ಮಾಡಿಟ್ಟಿರ್ತೀನಿ.

ಅಮ್ಮ