ಭೈರನ ಎರಡನೇ ಎಕ್ಸ್‌ರೇ

ನನ್ನನ್ನು ‘ಕರಪತ್ರದ ಪಂಡಿತೆ’ ಎಂದು ಕರೆಯುತ್ತಿದ್ದ ಮಾವನಿಗೆ,

ಹೊಸನಗರದ ನಿಮ್ಮ ದನದ ಆಸ್ಪತ್ರೆಗೆ ಗೌಡರು ತಮ್ಮ ನಾಯಿ ಭೈರನನ್ನು ಜೀಪಿನಲ್ಲಿ ತಂದ ದಿನ ನೆನಪಿದೆಯೇ? ಸಾಗರದಲ್ಲಿ ತೆಗೆಸಿದ ಎಕ್ಸ್‌ರೇ ನೋಡಿ, ಮುಂಗಾಲಿನ ಮೂಳೆಯಲ್ಲಿ ಕ್ಯಾನ್ಸರ್ ಗಡ್ಡೆ ಎಂದಿರಿ. “ಬೀಡಿ ಸೇದೋನು ನಾನು, ಕಾಯಿಲೆ ಇದಕ್ಕಾ?” ಎಂದು ಅವರು ನಕ್ಕರು. ಅವರ ಕೋವಿ ಜೀಪಿನ ಸೀಟಿನ ಹಿಂದೆಯೇ ಇತ್ತು. ಕಾಲು ಕತ್ತರಿಸಲು ಅವರು ಒಪ್ಪಲಿಲ್ಲ.

ನೀವು ಆ ಕಾಲಿಗೆ ರಬ್ಬರ್ ಟ್ಯೂಬ್ ಸುತ್ತಿ, ಬಿಸಿನೀರು ಹರಿಸಿ, ಥರ್ಮಾಮೀಟರ್ ನೋಡುತ್ತಾ ಕೂರುತ್ತಿದ್ದಿರಿ. ಹದದ ಬಿಸಿಯನ್ನು ಸುತ್ತಲಿನ ಮಾಂಸ ತಾಳುತ್ತದೆ, ಗಡ್ಡೆ ತಾಳದು ಎಂಬುದು ನಿಮ್ಮ ನಂಬಿಕೆ. ಊತ ಇಳಿಯಿತು. ಗೆದ್ದೆವು ಎಂದು ನಾನು ಊರವರಿಗೆ ಹಂಚಲು ಕರಪತ್ರ ಬರೆಯಲು ಕೂತೆ. “ತಡಿಯೇ ಮಾರಾಯ್ತಿ. ಊತ ನೋಡಿ ಹೇಳೋದಲ್ಲ, ಮೂಳೆ ನೋಡಿ ಹೇಳೋದು. ಇನ್ನೊಂದು ಎಕ್ಸ್‌ರೇ ಆಗ್ಲಿ” ಎಂದಿರಿ. ಅದಕ್ಕೂ ಮೊದಲೇ ನಿಮ್ಮ ಎದೆ...

ನಿಮ್ಮ ತಿಥಿಯ ಮರುದಿನ ಗೌಡರು ಬಂದರು. ಭೈರನ ಕಾಲು ಮೊದಲಿಗಿಂತ ದಪ್ಪವಾಗಿ ಊದಿತ್ತು.

“ನಿನ್ನ ಮಾವ ಪುಣ್ಯಾತ್ಮ. ಆದ್ರೆ ಸಾಕು ತಂಗಿ, ಇದರ ನರಳಾಟ ನೋಡಕ್ಕಾಗಲ್ಲ. ಹೋಗ್ತಾ ಕಾಡಂಚಲ್ಲಿ ಮುಗಿಸ್ತೀನಿ.”

ಊತದ ಮೇಲೆ ಸುಟ್ಟ ಕಪ್ಪು ಕಲೆ. “ಎಂತ ಹಚ್ಚಿದ್ರಿ ಗೌಡ್ರೇ?”

“ಅವ್ವ ಗೇರೆಣ್ಣೆ, ಅದೇ ಗೇರು ಸಿಪ್ಪೆದು, ಕಾಸಿ ಹಚ್ಚಿದ್ಲು. ಡಾಕ್ಟ್ರು ಕೊಡ್ತಿದ್ದಿದ್ದೂ ಬಿಸಿನೇ ಅಲ್ವಾ? ಗೇರೆಣ್ಣೆಗಿಂತ ಬಿಸಿ ಯಾವ್ದಿದೆ?”

ನಾನು ಜೀಪಿಗೆ ಅಡ್ಡ ನಿಂತೆ. ಮೊದಲು ಸಾಗರಕ್ಕೆ ಹೋಗಿ ಎಕ್ಸ್‌ರೇ ತೆಗೆಸೋಣ, ಕೋವಿ ಆಮೇಲೆ ಎಂದೆ.

“ಮೂಳೆನೂ ಹೋಗಿದ್ರೆ?”

“ನೀವು ಗುಂಡು ಹೊಡೀರಿ. ನಾನೇ ಅದನ್ನ ಹಿಡ್ಕೊಂಡು ನಿಲ್ತೀನಿ.”

ಹಾಗೆ ಹೇಳುವಾಗ ನನಗೇ ಧೈರ್ಯವಿತ್ತೇ, ಮಾವ? ದಾರಿಯುದ್ದಕ್ಕೂ ಭೈರ ತಲೆಯನ್ನು ನನ್ನ ತೊಡೆಯ ಮೇಲಿಟ್ಟಿದ್ದ.

ಸಾಗರದಲ್ಲಿ ನಿಮ್ಮ ಗೆಳೆಯ ಡಾಕ್ಟರು ಕತ್ತಲೆ ಕೋಣೆಯಿಂದ ಒದ್ದೆ ಫಿಲ್ಮು ತಂದು, ಹಳೆಯದರ ಪಕ್ಕದಲ್ಲಿ ದೀಪಕ್ಕೆ ಹಿಡಿದರು. ಹಳೆಯದರಲ್ಲಿ ಮೂಳೆಯ ಅಂಚು ಗೆದ್ದಲು ತಿಂದ ಮರದಂತಿತ್ತು. ಹೊಸದರಲ್ಲಿ ಅದೇ ತೂತುಗಳ ಸುತ್ತ ತೆಳ್ಳಗೆ ಬಿಳಿ ಗೆರೆ.

“ಊತ ಗೇರೆಣ್ಣೆದು ಕಣ್ರೀ. ಒಳಗೆ ಮೂಳೆ ಅಂಚು ಕಟ್ತಿದೆ.”

“ಹಂಗಾದ್ರೆ ವಾಸಿ ಆಯ್ತಾ?” ಎಂದರು ಗೌಡರು.

“ಅಷ್ಟು ಹೇಳೋಕಾಗಲ್ಲ. ಸದ್ಯಕ್ಕೆ ಗಡ್ಡೆ ನಿಂತಿದೆ.”

ಗೌಡರು ಹೊರಗೆ ಹೋಗಿ ಕೋವಿಯಿಂದ ತೋಟಾ ತೆಗೆದರು. “ಗೇರೆಣ್ಣೆ ಹಚ್ಚಬೇಡ ಅಂತ ಅವ್ವಂಗೆ ನೀನೇ ಬಂದು ಹೇಳು ತಂಗಿ. ನನ್ನ ಮಾತು ಅವಳು ಕೇಳಲ್ಲ” ಎಂದರು.

ಹೇಳಿ ಬಂದಿದ್ದೇನೆ. ಸುಟ್ಟ ಗಾಯ ಮಾಯುತ್ತಿದೆ. ನಿಮ್ಮ ಜಾಗಕ್ಕೆ ಬಂದಿರುವ ಹೊಸ ಡಾಕ್ಟರು ಮತ್ತೆ ಬಿಸಿನೀರು ಹರಿಸಲು ಒಪ್ಪಿದ್ದಾರೆ. ಥರ್ಮಾಮೀಟರ್ ನೋಡುವುದು ನನ್ನ ಕೆಲಸ. ಕರಪತ್ರ ಇನ್ನೂ ಅರ್ಧದಲ್ಲಿದೆ. ‘ಗೆದ್ದೆವು’ ಎಂಬ ಮಾತನ್ನು ಹೊಡೆದುಹಾಕಿದ್ದೇನೆ. ಮೂರನೇ ಎಕ್ಸ್‌ರೇ ಆಗಲಿ, ಮಾವ. ಮೂಳೆ ಏನು ತೋರಿಸುತ್ತದೋ ಅಷ್ಟನ್ನೇ ಬರೆಯುತ್ತೇನೆ.